ನಮ್ಮ ಭಾವನ ಹೆಬ್ಬೆರಳು

ನಮ್ಮ ಭಾವ ಚಪ್ಪಲಿ ಹೊಲಿಯುತ್ತಾರೆ. ಹೀಗೆ ಬರೆದರೆ ಅಕ್ಕನಿಗೆ ಸಿಟ್ಟು. ‘ಕಾಲಿಗೆ ತಕ್ಕ ಪಾದರಕ್ಷೆ ತಯಾರಿಸುವವರು ಅಂತ ಬರಿಯೋಕೆ ನಿನಗೇನು ಕೈ ನೋವಾ’ ಎನ್ನುತ್ತಾಳೆ. ಭಾವನಿಗೆ ಎರಡೂ ಒಂದೇ. ಅವರ ಅಂಗಡಿಗೆ ಬೋರ್ಡು ಕೂಡ ಇಲ್ಲ. ಒಂದು ಕಾಲದಲ್ಲಿ ಇತ್ತು, ಗಾಳಿಗೆ ಕಳಚಿ ಬಿತ್ತು. ಎತ್ತಿ ನೋಡಿದರೆ ಹಲಗೆ ಒಳ್ಳೆಯ ಗಟ್ಟಿ ಮರದ್ದು. ಅಂದಿನಿಂದ ಅದನ್ನು ಅಂಗಾತ ಮಲಗಿಸಿಕೊಂಡು ಅದರ ಮೇಲೆ ಚರ್ಮ ಕತ್ತರಿಸುತ್ತಾರೆ. ಅವರ ಹೆಸರಿನ ಮೇಲೆ ಈಗ ಇಪ್ಪತ್ತು ವರ್ಷಗಳ ಗೀರುಗಳಿವೆ.

ಅಂಗಡಿ ರಸ್ತೆಗಿಂತ ನಾಲ್ಕು ಮೆಟ್ಟಿಲು ಕೆಳಗಿದೆ. ಒಂದು ಪಕ್ಕ ಜೆರಾಕ್ಸ್ ಅಂಗಡಿ, ಇನ್ನೊಂದು ಪಕ್ಕ ಸೈಕಲ್ ರಿಪೇರಿ. ಇರುವುದು ಒಂದೇ ಕಿಟಕಿ, ಅದೂ ಸೂರಿಗೆ ಅಂಟಿಕೊಂಡಂತೆ. ಅದರಲ್ಲಿ ಕಾಣುವುದು ಹೋಗಿಬರುವವರ ಮೊಣಕಾಲಿನಿಂದ ಕೆಳಗಿನ ಭಾಗ ಮಾತ್ರ. ಭಾವ ಊರಿನ ಅರ್ಧ ಜನರನ್ನು ಹೀಗೇ ಗುರುತು ಹಿಡಿಯುವುದು. ಒಮ್ಮೆ ಮದುವೆಯೊಂದರಲ್ಲಿ ಅವರನ್ನು ಬಹಳ ಆದರದಿಂದ ಮಾತಾಡಿಸಿದವರೊಬ್ಬರನ್ನು ಭಾವ ಕಣ್ಣು ಕಣ್ಣು ಬಿಟ್ಟು ನೋಡಿದರು. ಆಮೇಲೆ ಮೆಲ್ಲಗೆ ಕೆಳಗೆ ನೋಡಿ, ‘ಓ, ನೀವಾ’ ಎಂದರು. ಇಪ್ಪತ್ತು ವರ್ಷಗಳಿಂದ ಪಕ್ಕದ ಜೆರಾಕ್ಸ್ ಅಂಗಡಿ ನಡೆಸುವ ಮನುಷ್ಯ ಅವನು.

ನನ್ನ ವಿಷಯ ಹೇಳುವುದು ಹೆಚ್ಚಿಲ್ಲ. ವಾರಪತ್ರಿಕೆಯೊಂದಕ್ಕೆ ಹಾಸ್ಯ ಬರೆಯುತ್ತೇನೆ. ಹೊಸ ಬೂಟು ಆಕಾರ ಕೆಡದಿರಲಿ ಎಂದು ಭಾವ ಅದರೊಳಗೆ ಕಾಗದ ತುರುಕುತ್ತಾರಲ್ಲ, ಅದಕ್ಕೆ ನನ್ನ ಪುಟ ಬಹಳ ಹೊಂದುತ್ತದೆಯಂತೆ. ‘ನಿನ್ನ ಬರಹ ಮೆತ್ತಗಿರುತ್ತಯ್ಯಾ, ಬೆರಳಿಗೆ ಒತ್ತಲ್ಲ’ ಎಂದು ಹೊಗಳಿದ್ದಾರೆ. ಹಾಗಾಗಿ ನನ್ನನ್ನು ಅತ್ಯಂತ ಹತ್ತಿರದಿಂದ ಬಲ್ಲ ಓದುಗರು ಬೂಟಿನೊಳಗಿದ್ದಾರೆ.

ಇನ್ನು ಅಕ್ಕನ ಕಾಲು. ಅಕ್ಕನಿಗೆ ಸಕ್ಕರೆ ಕಾಯಿಲೆ. ಹನ್ನೆರಡು ವರ್ಷದ ಹಿಂದೆ ಅವಳ ಪಾದಗಳು ಮರಗಟ್ಟಿದವು. ಚುಚ್ಚಿದರೂ ಗೊತ್ತಾಗದು, ಸುಟ್ಟರೂ ಗೊತ್ತಾಗದು. ಒಂದು ದಿನ ಬೆಳಿಗ್ಗೆಯಿಂದ ಸಂಜೆಯ ತನಕ ಮಾರ್ಕೆಟ್ಟು, ಬ್ಯಾಂಕು, ಆಸ್ಪತ್ರೆ ಎಂದು ಸುತ್ತಿ ಬಂದು ಬೂಟು ಬಿಚ್ಚಿದರೆ ಒಳಗೊಂದು ಅಂಗಿಯ ಗುಂಡಿ. ಇಡೀ ದಿನ ಅದರ ಮೇಲೆ ನಡೆದಿದ್ದಳು. ಗಾಯ ಮಾಯಲಿಲ್ಲ, ಎರಡು ಬೆರಳು ಹೋದವು. ಆ ಗುಂಡಿ ಭಾವನದೇ ಅಂಗಿಯದು. ಅಕ್ಕ ಅದನ್ನು ಅಂದೇ ಮರೆತಳು, ಅಥವಾ ಹಾಗೆಂದಳು. ಭಾವ ಅದನ್ನು ಮೊಳೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ. ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಆಮೇಲೆ ಭಾವ ಒಂದು ಕ್ರಮ ಹಿಡಿದರು. ಪ್ರತಿ ಭಾನುವಾರ ಬೆಳಿಗ್ಗೆ ಅಕ್ಕನ ಎರಡೂ ಜೊತೆ ಪಾದರಕ್ಷೆಗಳನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈ ಹೆಬ್ಬೆರಳನ್ನು ಒಳಗೆ ಬಿಡುತ್ತಾರೆ. ಕಣ್ಣು ಮುಚ್ಚಿ, ಹಿಮ್ಮಡಿಯಿಂದ ಬೆರಳ ತುದಿಯವರೆಗೆ ನಿಧಾನ ಒತ್ತುತ್ತಾ ಹೋಗುತ್ತಾರೆ. ಕಾಲು ಎಲ್ಲಿ ಹೆಚ್ಚು ಭಾರ ಹಾಕುತ್ತದೋ ಅಲ್ಲಿ ಒಳಗಿನ ಅಟ್ಟೆ, ಅಂದರೆ ಪಾದದಡಿಯ ಹಾಸು, ಕೂದಲೆಳೆಯಷ್ಟು ತಗ್ಗಾಗಿರುತ್ತದೆ. ಅದು ಸಿಕ್ಕಿದ ಕೂಡಲೇ ಆ ಅಟ್ಟೆಯನ್ನು ಹೊರತೆಗೆದು, ತಿರುಗಿಸಿ, ಅಡಿಯಲ್ಲಿ ಅಷ್ಟು ಜಾಗವನ್ನು ಮಾತ್ರ ಚರ್ಮ ಕೊಯ್ಯುವ ರಂಪಿಗೆಯಿಂದ ತೆಳ್ಳಗೆ ಕೆರೆಯುತ್ತಾರೆ. ಮೇಲಿನಿಂದ ನೋಡಿದರೆ ಸಪಾಟು, ಕಾಲಿಟ್ಟರೆ ಹಾಸಿಗೆ. ಹನ್ನೆರಡು ವರ್ಷಗಳಲ್ಲಿ ಅಕ್ಕನ ಪಾದಕ್ಕೆ ಒಂದು ಗುಳ್ಳೆ ಎದ್ದಿಲ್ಲ. ಸುದ್ದಿ ಹರಡಿ, ಮರಗಟ್ಟಿದ ಕಾಲಿನವರೆಲ್ಲ ಆ ನಾಲ್ಕು ಮೆಟ್ಟಿಲು ಇಳಿದು ಬರತೊಡಗಿದರು.

ಹೀಗಿರುವಾಗ ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿ ಕೂತಿದ್ದೆ. ಭಾವ ಸ್ಟೌವಿನ ಮೇಲಿನ ಪಾತ್ರೆಯಿಂದ ಚಹಾ ಬಗ್ಗಿಸಿದರು. ಪಾತ್ರೆಯ ಅಂಚು ಹಿಡಿದಿದ್ದ ಹೆಬ್ಬೆರಳು ಚಹಾದೊಳಗೇ ಅದ್ದಿತ್ತು, ಅವರು ಮಾತ್ರ ಅರಾಮಾಗಿ ಮಾತಾಡುತ್ತಿದ್ದರು. ನಾನು ಕೈ ಎಳೆದೆ. ಬೆರಳು ಕೆಂಪಾಗಿತ್ತು. ಭಾವ ಅದನ್ನು ಯಾರದೋ ಬೆರಳು ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದರು. ಮೂವತ್ತು ವರ್ಷ ಸುತ್ತಿಗೆ, ದಬ್ಬಣ, ರಂಪಿಗೆ ಹಿಡಿದು ಹಿಡಿದು ನರ ಸೋತಿದೆಯಂತೆ. ಡಾಕ್ಟರು ಆಗಲೇ ಹೇಳಿದ್ದರಂತೆ, ಇದು ಹಿಂದಕ್ಕೆ ಬರುವುದಿಲ್ಲ, ಎಡಗೈಯೂ ಇವತ್ತಲ್ಲ ನಾಳೆ ಇದೇ ದಾರಿ ಹಿಡಿಯುತ್ತದೆ ಎಂದು. ದೊಡ್ಡ ತಗ್ಗುಗಳು ಇನ್ನೂ ಸಿಗುತ್ತವೆ, ಸಣ್ಣವು ಜಾರಿಹೋಗುತ್ತವೆ ಎಂದರು.

‘ನಿಮ್ಮಕ್ಕನಿಗೆ ಹೇಳಬೇಡ’ ಎಂದರು. ‘ಅವಳು ನನ್ನ ಬೆರಳು ನಂಬಿ ಕಾಲಿಡ್ತಾಳೆ.’

ನಾನು ಜೀವಮಾನದಲ್ಲಿ ಒಂದು ಗುಟ್ಟನ್ನೂ ಕಾಪಾಡಿದವನಲ್ಲ. ನನ್ನ ಅರ್ಧ ಲೇಖನಗಳು ಸಂಬಂಧಿಕರ ಗುಟ್ಟುಗಳೇ. ಆದರೆ ಇದನ್ನು ಅಕ್ಕನಿಗೂ ಹೇಳಲಿಲ್ಲ, ಪತ್ರಿಕೆಗೂ ಬರೆಯಲಿಲ್ಲ.

ಅದಾಗಿ ಒಂದು ತಿಂಗಳೊಳಗೆ ಟೀಚರಮ್ಮ ಬಂದರು. ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರು, ಹೆಸರಿನ ಹಿಂದೆ ಮುಂದೆ ಸಾಕಷ್ಟು ಅಕ್ಷರಗಳಿವೆ. ಆದರೆ ‘ಪಾಠ ಹೇಳ್ತೀನಿ’ ಎಂದು ಪರಿಚಯ ಮಾಡಿಕೊಂಡದ್ದರಿಂದ ಭಾವನ ಬಾಯಲ್ಲಿ ಅಂದಿನಿಂದ ಟೀಚರಮ್ಮ. ಆಕೆಗೂ ಅದು ಹಿಡಿಸಿತು. ತಂದೆಯ ಹಳೆಯ ಬೂಟು ತಂದಿದ್ದರು. ಭಾವ ಹೆಬ್ಬೆರಳು ಬಿಟ್ಟು ನೋಡಿ, ಇವರು ಕುರ್ಚಿಯಿಂದ ಏಳುವಾಗ ಎಡಕ್ಕೆ ವಾಲಿ ಏಳುತ್ತಾರೆ, ಬಲ ಮೊಣಕಾಲು ನೋವಿರಬೇಕು ಎಂದರು. ಆಕೆ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ತಾವು ಎಂಟು ವರ್ಷ ಕೂತು ಒಂದು ಹಾಳೆ ಮಾಡಿರುವುದಾಗಿ ಹೇಳಿದರು. ಕಾಗದದಷ್ಟು ತೆಳು, ಅದರ ಮೇಲೆ ಭಾರ ಬಿದ್ದರೆ ಎಲ್ಲಿ ಎಷ್ಟು ಎಂಬುದು ಕಂಪ್ಯೂಟರಿನಲ್ಲಿ ಬಣ್ಣವಾಗಿ ಕಾಣುತ್ತದೆ, ಹೆಚ್ಚು ಒತ್ತಿದ ಕಡೆ ಕೆಂಪು. ಮಲಗಿದಲ್ಲೇ ಇರುವ ರೋಗಿಗಳ ಹಾಸಿಗೆಗೆಂದು ಮಾಡಿದ್ದು. ಇದನ್ನು ಬೂಟಿನೊಳಗೆ ಇಟ್ಟರೆ ನಿಮ್ಮ ಬೆರಳು ಹೇಳಿದ್ದನ್ನು ಅದೂ ಹೇಳೀತೇ ಎಂದು ಕೇಳಿದರು.

ಭಾವನ ಮುಖದಲ್ಲಿ ಅಂಥ ಆಸೆಯನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ಮನಸ್ಸಿನಲ್ಲಿ ಏನಿದೆ ಎಂದು ನನಗೊಬ್ಬನಿಗೆ ಗೊತ್ತಿತ್ತು. ಹಾಳೆಗೆ ಕಣ್ಣು ಬಂದರೆ ಬೆರಳು ಹೋದರೂ ಅಕ್ಕನ ಕಾಲು ಉಳಿಯುತ್ತದೆ.

ಇಂಥದ್ದಕ್ಕೆಂದೇ ಒಂದು ಅನುದಾನ ಇದೆ ಎಂದು ಟೀಚರಮ್ಮ ಹೇಳಿದರು. ಒಂದು ವಿಶ್ವವಿದ್ಯಾಲಯ, ಒಂದು ಸಣ್ಣ ಅಂಗಡಿ ಅಥವಾ ಕಾರ್ಖಾನೆ ಕೂಡಿಕೊಂಡು ಅರ್ಜಿ ಹಾಕಬೇಕು. ಈ ಕೆಲಸ ಆಗುವಂಥದ್ದೋ ಅಲ್ಲವೋ ಎಂದು ನೋಡುವುದಕ್ಕೆ ಮಾತ್ರ ಹಣ. ಆಗೇ ಆಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಕೊಡುವುದಿಲ್ಲ, ಆಗುವುದೇ ಇಲ್ಲ ಎಂದು ಗೊತ್ತಿದ್ದರೂ ಕೊಡುವುದಿಲ್ಲ. ‘ಗೊತ್ತಿಲ್ಲ’ ಎಂದು ಪ್ರಾಮಾಣಿಕವಾಗಿ ಹೇಳಬೇಕು. ನನಗೆ ಹೊಟ್ಟೆಯುರಿಯಿತು. ‘ಗೊತ್ತಿಲ್ಲ’ ಎಂದು ಹೇಳಿ ಹೇಳಿ ಶಾಲೆಯಲ್ಲಿ ಬೆಂಚಿನ ಮೇಲೆ ನಿಂತವನು ನಾನು. ಅದಕ್ಕೆ ಅನುದಾನ ಇರುವ ಸಂಗತಿಯನ್ನು ಆಗ ಯಾರೂ ತಿಳಿಸಲಿಲ್ಲ.

ಅರ್ಜಿಯಲ್ಲಿ ಅಂಗಡಿಯ ಪಾಲಿನ ಭಾಗ ಬರೆಯುವ ಕೆಲಸ ನನ್ನ ತಲೆಗೆ ಬಂತು. ‘ಹೇಗೂ ಬರೀತಾನೆ, ಖಾಲಿ ಕೂತಿರ್ತಾನೆ’ ಎಂದು ಅಕ್ಕ ಶಿಫಾರಸು ಮಾಡಿದಳು. ನಾನು ಮೂರು ಪುಟ ಬರೆದೆ. ಪಾದವೆಂಬುದು ಮನುಷ್ಯನ ಮೊದಲ ಪಯಣಿಗ ಎಂದು ಆರಂಭ. ಭಾವ ಕೇಳಿಸಿಕೊಂಡು, ‘ಇದರಲ್ಲಿ ಚಪ್ಪಲಿ ಯಾವಾಗ ಬರುತ್ತೆ’ ಎಂದರು. ಆಮೇಲೆ ಪ್ರಶ್ನೆಗಳಿಗೆ ಅವರೇ ಉತ್ತರ ಹೇಳಿದರು, ನಾನು ಬರೆದುಕೊಂಡೆ. ಸಂಸ್ಥೆಯ ಪ್ರಮುಖ ಉಪಕರಣಗಳು ಯಾವುವು ಎಂಬುದಕ್ಕೆ ರಂಪಿಗೆ, ದಬ್ಬಣ, ಹೆಬ್ಬೆರಳು. ಸಂಶೋಧನಾ ವಿಭಾಗದ ಮುಖ್ಯಸ್ಥರು ಯಾರು ಎಂಬುದಕ್ಕೆ ಹೆಂಡತಿ. ಅಧ್ಯಯನ ವಿಫಲವಾದರೆ ನಿಮ್ಮ ಮುಂದಿನ ಯೋಜನೆ ಏನು ಎಂಬಲ್ಲಿ ಭಾವ ತಮ್ಮ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡರು. ಕೊನೆಗೆ, ‘ಗೊತ್ತಿಲ್ಲ ಅಂತ ಬರಿ’ ಎಂದರು. ಟೀಚರಮ್ಮ ಓದಿ ನಕ್ಕರು, ಒಂದಕ್ಷರವನ್ನೂ ತಿದ್ದದೆ ಕಳಿಸಿದರು. ಎರಡು ತಿಂಗಳಿಗೆ ಮಂಜೂರಾಯಿತು. ನನ್ನ ಮೂರು ಪುಟ ಯಾರದೋ ಬೂಟಿನೊಳಗೆ ಹೋಯಿತು.

ಕೆಲಸ ಆರಂಭವಾದ ದಿನ ಟೀಚರಮ್ಮ ಕಟ್ಟುನಿಟ್ಟಾದರು. ಮರಗಟ್ಟಿದ ಕಾಲಿನ ಇಪ್ಪತ್ತು ಜನರನ್ನು ಆಸ್ಪತ್ರೆಯಿಂದ ಆರಿಸಿದ್ದರು. ಮೊದಲು ಎಲ್ಲರ ಹಳೆಯ ಬೂಟಿನೊಳಗೂ ಹಾಳೆ ಇಟ್ಟು, ನಡೆಸಿ, ಕೆಂಪು ಎಲ್ಲೆಲ್ಲಿ ಬಂತು ಎಂದು ಕಂಪ್ಯೂಟರಿಗೆ ಹಾಕಿಕೊಂಡರು. ಅದನ್ನು ಭಾವ ನೋಡಕೂಡದು. ಆಮೇಲೆ ಚೀಟಿ ಎತ್ತಿ ಹತ್ತು ಜನರನ್ನು ಬೇರೆ ಮಾಡಿದರು. ಈ ಹತ್ತು ಜನರಿಗೆ ಭಾವ ತಮ್ಮ ಬೆರಳಿಗೆ ಸಿಕ್ಕಂತೆ ಕೆರೆದ ಅಟ್ಟೆಯನ್ನು ಹೊಸ ಬೂಟಿನಲ್ಲಿ ಹಾಕಿ ಕೊಡಬೇಕು. ಉಳಿದ ಹತ್ತು ಜನರಿಗೆ ಏನೂ ಕೆರೆಯದ ಸಪಾಟು ಅಟ್ಟೆ. ಮೂರು ವಾರ ಬಿಟ್ಟು ಮತ್ತೆ ಹಾಳೆ ಇಟ್ಟು ನೋಡುವುದು. ಮೊದಲ ಹತ್ತರಲ್ಲಿ ಕೆಂಪು ಕಡಿಮೆಯಾಗಿ ಎರಡನೆಯ ಹತ್ತರಲ್ಲಿ ಹಾಗೇ ಉಳಿದರೆ, ಹಾಳೆಗೆ ಕಣ್ಣಿದೆ ಎಂದರ್ಥ. ಸಪಾಟಿನವರಿಗೆ ಅಪಾಯವಾಗದಂತೆ ನರ್ಸೊಬ್ಬರು ದಿನ ಬಿಟ್ಟು ದಿನ ಪಾದ ನೋಡುತ್ತಿದ್ದರು. ಮೂರು ವಾರ ಕಳೆದ ಮೇಲೆ ಅವರಿಗೂ ಸರಿಯಾದ ಅಟ್ಟೆ ಸಿಗುತ್ತಿತ್ತು.

‘ಆ ಹತ್ತನ್ನ ಮುಟ್ಟಬಾರದು’ ಎಂದು ಟೀಚರಮ್ಮ ಎರಡು ಸಲ ಹೇಳಿದರು. ಭಾವ ಎರಡು ಸಲ ತಲೆಯಾಡಿಸಿದರು.

ಅಳತೆಗೆಂದು ಇಪ್ಪತ್ತೂ ಜನ ಅಂಗಡಿಗೆ ಬಂದರು. ಅವರಲ್ಲೊಬ್ಬ ಹಳೇ ಪೋಸ್ಟ್‌ಮ್ಯಾನ್. ನಲವತ್ತು ವರ್ಷ ಊರೆಲ್ಲ ನಡೆದ ಕಾಲು. ಚೀಟಿಯಲ್ಲಿ ಅವನಿಗೆ ಸಪಾಟು ಬಂದಿತ್ತು. ಮೆಟ್ಟಿಲಿಳಿಯುತ್ತಲೇ, ನಿಮ್ಮ ಅಂಗಡಿಗೆ ಬಂದ ರಿಜಿಸ್ಟರ್ ಪತ್ರಗಳ ರಶೀದಿಯ ಮೇಲೆಲ್ಲ ಗೋಂದಿನ ಕೈ ಗುರುತು ಹಚ್ಚಿ ವಾಪಸ್ ಕೊಡುತ್ತಿದ್ದಿರಿ ಎಂದು ಭಾವನನ್ನು ಛೇಡಿಸಿದ. ಬೂಟು ಬಿಚ್ಚಿಟ್ಟು, ಹೋಗುವಾಗ, ‘ಸ್ವಾಮೀ, ಕಾಲೆರಡೂ ನಿಮ್ಮ ವಶಕ್ಕೆ, ರಶೀದಿ ಬೇಡ’ ಎಂದು ಹೇಳಿಹೋದ. ನಾನು ಅಲ್ಲೇ ಇದ್ದೆ. ಭಾವ ಆ ಬೂಟನ್ನು ತೊಡೆಯ ಮೇಲಿಟ್ಟುಕೊಂಡು ಸುಮಾರು ಹೊತ್ತು ಕೂತರು. ಸಪಾಟು ಅಟ್ಟೆ ಕತ್ತರಿಸಲು ಬೂಟಿನ ಉದ್ದಗಲ ಸಾಕು, ಒಳಗೆ ಕೈ ಹಾಕುವ ಅಗತ್ಯವೇ ಇರಲಿಲ್ಲ. ನಾನು ಚಹಾ ಮುಗಿಸಿ ಹೊರಟೆ. ಅಷ್ಟು ಮಾತ್ರ ಕಂಡದ್ದು.

ಮೂರು ವಾರ ಕಳೆಯಿತು. ಮತ್ತೆ ಹಾಳೆ ಇಟ್ಟರು. ನಾಲ್ಕು ದಿನ ಟೀಚರಮ್ಮನ ಸುದ್ದಿಯಿಲ್ಲ. ಐದನೆಯ ದಿನ ಮಧ್ಯಾಹ್ನ ಅಂಗಡಿಗೆ ಬಂದರು. ಅಕ್ಕ ಊಟದ ಡಬ್ಬಿ ತಂದವಳು ಅಲ್ಲೇ ಇದ್ದಳು, ನಾನು ಎಂದಿನಂತೆ ಖಾಲಿ ಇದ್ದೆ. ಟೀಚರಮ್ಮ ಬ್ಯಾಗು ಕೆಳಗಿಟ್ಟು, ಹಾಳೆಯ ಕಥೆ ಮುಗಿಯಿತು ಎಂದರು. ಆಗುವುದಿಲ್ಲ ಎಂದೇ ವರದಿ ಬರೆಯಬೇಕು.

ಏಕೆಂದರೆ ಎರಡು ಕಾರಣ. ಮೊದಲನೆಯದು, ಕೆಂಪು ಎಲ್ಲರಲ್ಲೂ ಕಡಿಮೆಯಾಗಿದೆ. ಕೆರೆದ ಅಟ್ಟೆಯವರಲ್ಲೂ ಕಡಿಮೆ, ಸಪಾಟಿನವರಲ್ಲೂ ಅಷ್ಟೇ ಕಡಿಮೆ. ಅಂದರೆ ಕಾಲು ಸರಿಯಾದದ್ದಲ್ಲ, ಹಾಳೆಯೇ ಬೆವರಿಗೋ ಸವೆತಕ್ಕೋ ಮಂದವಾಗುತ್ತ ಬಂದಿದೆ. ಎರಡನೆಯದು, ಹಾಳೆ ಇಲ್ಲದ್ದನ್ನೂ ತೋರಿಸುತ್ತದೆ. ಮೊದಲ ಹತ್ತು ಜನರ ಹಳೆಯ ಬೂಟುಗಳಲ್ಲಿ ಅದು ಹದಿನೇಳು ಕಡೆ ಕೆಂಪು ತೋರಿಸಿದೆ. ಭಾವ ಕೆರೆದಿರುವುದು ಹದಿನಾಲ್ಕೇ ಕಡೆ. ಮೂರು ಜನರಲ್ಲಿ ಒಂದೊಂದು ಕಡೆ ಬರೀ ಸುಳ್ಳು. ಎಂಟು ವರ್ಷದ ಕೆಲಸವನ್ನು ಆಕೆ ಇಷ್ಟೇ ಮಾತಿನಲ್ಲಿ ಹೇಳಿ ಮುಗಿಸಿದರು. ಅಕ್ಕ ಎದ್ದು ಒಂದು ಲೋಟ ನೀರು ಕೊಟ್ಟಳು.

ಭಾವ ಕೈಯಲ್ಲಿದ್ದ ಕೆಲಸ ನಿಲ್ಲಿಸಿರಲಿಲ್ಲ. ದಬ್ಬಣ ಒಂದೇ ತೂತಿನಲ್ಲಿ ಹೋಗಿ ಬರುತ್ತಿತ್ತು.

‘ಟೀಚರಮ್ಮ, ಸಪಾಟು ಅಟ್ಟೆಗಳನ್ನ ತಿರುಗಿಸಿ ನೋಡಿದ್ರಾ’ ಎಂದರು.

ಇಲ್ಲ, ಯಾಕೆ ನೋಡಬೇಕು ಎಂದರು ಆಕೆ. ಭಾವ ಎದ್ದು ಹೋಗಿ, ವಾಪಸ್ ಬಂದಿದ್ದ ಹತ್ತು ಜೊತೆ ಅಟ್ಟೆಗಳ ಚೀಲ ತಂದು ಆ ಹಳೆಯ ಬೋರ್ಡಿನ ಮೇಲೆ ಒಂದೊಂದಾಗಿ ಬೋರಲು ಹಾಕಿದರು. ಹತ್ತು ಜೊತೆಯ ಅಡಿಯಲ್ಲೂ ಅಲ್ಲಲ್ಲಿ ರಂಪಿಗೆಯ ಗುರುತು. ಕಾಸಿನಗಲ, ಉಗುರಿನಗಲ, ನೀಟಾಗಿ ಕೆರೆದ ತಗ್ಗುಗಳು.

ಟೀಚರಮ್ಮ ಒಂದೊಂದನ್ನೇ ಎತ್ತಿ ತಗ್ಗು ಸವರಿ ನೋಡಿದರು. ಭಾವನಂತೂ ಬಾಲ ತುಳಿಸಿಕೊಂಡ ಬೆಕ್ಕಿನಂತೆ ನಿಂತಿದ್ದರು. ನಡೆದದ್ದೆಲ್ಲ ನಿಧಾನವಾಗಿ ಹೊರಬಂತು. ಮುಟ್ಟಬಾರದು ಎಂದೇ ಇದ್ದರಂತೆ. ಒಂಬತ್ತು ಜನರದ್ದನ್ನು ಮುಟ್ಟಿರಲೂ ಇಲ್ಲವಂತೆ. ಹಾಳಾದ ಪೋಸ್ಟ್‌ಮ್ಯಾನ್ ಕಾಲನ್ನು ವಶಕ್ಕೆ ಕೊಟ್ಟು ಹೋದ. ಬೂಟು ತೊಡೆಯ ಮೇಲಿತ್ತು, ಬೆರಳು ಒಳಗೆ ಹೋಗಿಬಿಟ್ಟಿತು. ಕಾಲಿನ ಹೆಬ್ಬೆಟ್ಟಿನ ಬುಡದಲ್ಲಿ ಬಾವಿಯಂಥ ತಗ್ಗು. ಗೊತ್ತಾದ ಮೇಲೆ ಸಪಾಟು ಅಟ್ಟೆ ಹೇಗೆ ಕೊಡುವುದು? ಮೂರು ವಾರ ಅವನು ಅದರ ಮೇಲೆ ನಡೆಯುತ್ತಾನೆ. ಅವನಿಗೊಬ್ಬನಿಗೆ ಮಾಡಿ ಉಳಿದವರಿಗೆ ಬಿಟ್ಟರೆ ಭೇದ ಮಾಡಿದಂತಾಗುತ್ತದೆ ಎಂದು ಉಳಿದ ಒಂಬತ್ತು ಬೂಟುಗಳಿಗೂ ಬೆರಳು ಹಾಕಿದರಂತೆ.

‘ನರ್ಸಮ್ಮ ದಿನ ಬಿಟ್ಟು ದಿನ ನೋಡ್ತಿದ್ರಲ್ಲ’ ಎಂದರು ಟೀಚರಮ್ಮ.

‘ಅವರು ನೋಡ್ತಾರೆ ನಿಜ. ಆದ್ರೆ ನನಗೆ ಗೊತ್ತಾಗಿತ್ತಲ್ಲ’ ಎಂದರು ಭಾವ.

ಮೂವತ್ತು ವರ್ಷದಿಂದ ಒಂದು ಬೂಟನ್ನೂ ಅರ್ಧ ಮಾಡಿ ಕೊಡದ ಮನುಷ್ಯನಿಗೆ ಬೇಕೆಂದೇ ಅರ್ಧ ಮಾಡಿದ ಹತ್ತು ಜೊತೆ ಕೊಡಲು ಹೇಳಿದ್ದೆವು. ಕೂತ ಮೂರು ಜನ ಬುದ್ಧಿವಂತರಿಗೆ ಇದು ಹೊಳೆದಿರಲಿಲ್ಲ. ಬುದ್ಧಿವಂತರ ಪಟ್ಟಿಯಲ್ಲಿ ನನ್ನನ್ನು ಸೇರಿಸಿಕೊಂಡದ್ದಕ್ಕೆ ಅಕ್ಕನ ಆಕ್ಷೇಪಣೆ ಇದೆ.

ಟೀಚರಮ್ಮ ತಲೆಗೆ ಕೈಯಿಟ್ಟು ಕೂತರು. ಅನುದಾನ ಕೊಟ್ಟವರಿಗೆ ಈಗ ಏನೆಂದು ಹೇಳುವುದು? ಪ್ರಯೋಗವೇ ಕೆಟ್ಟಿತು. ಆದರೆ ಸ್ವಲ್ಪ ಹೊತ್ತಿಗೆ ತಲೆಯೆತ್ತಿದಾಗ ಮುಖದಲ್ಲಿ ಬೇರೇನೋ ಇತ್ತು. ಹಾಗಾದರೆ ಹಾಳೆ ಮಂದವಾಗಿರಲಿಲ್ಲ. ಇಪ್ಪತ್ತೂ ಜನರ ಕಾಲು ನಿಜವಾಗಿ ಸುಧಾರಿಸಿತ್ತು, ಹಾಳೆ ಇದ್ದದ್ದನ್ನೇ ಹೇಳಿತ್ತು. ಆಕೆಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಆಮೇಲೆ ಮತ್ತೆ ಮುಖ ಬಾಡಿತು. ಎರಡನೆಯ ಕಾರಣ ಹಾಗೇ ಇತ್ತಲ್ಲ. ಆ ಮೂರು ಸುಳ್ಳು ಕೆಂಪು. ಕಣ್ಣಿದ್ದೂ ಸುಳ್ಳು ಹೇಳುವ ಹಾಳೆಯನ್ನು ನಂಬಿ ಯಾರ ಕಾಲಿಗೂ ರಂಪಿಗೆ ಹಾಕಲಾಗದು.

‘ನಿಮ್ಮ ಬೆರಳು ಹೇಳಿದ್ದೇ ಸರಿ ಅಂತ ಇಟ್ಕೊಂಡೇ ಎಲ್ಲ ಹೋಲಿಸಿದ್ದು. ಅದನ್ನ ಬಿಟ್ರೆ ನನ್ನ ಹತ್ರ ಬೇರೆ ಅಳತೆಗೋಲಿಲ್ಲ’ ಎಂದರು.

ಪಕ್ಕದ ಸೈಕಲ್ಲಿನವನು ಚಕ್ರ ತಿರುಗಿಸುತ್ತಿದ್ದ. ನಾನು ಭಾವನನ್ನು ನೋಡಿದೆ, ಭಾವ ನನ್ನನ್ನು ನೋಡಿದರು. ಬಾಯಿ ಮುಚ್ಚಿಕೊಂಡಿದ್ದರೆ ಅವರ ಬೆರಳಿನ ಮರ್ಯಾದೆ ಉಳಿಯುತ್ತಿತ್ತು, ಅಕ್ಕನ ನಂಬಿಕೆಯೂ ಉಳಿಯುತ್ತಿತ್ತು. ಹಾಳೆ ಕಸದ ಬುಟ್ಟಿಗೆ ಹೋಗುತ್ತಿತ್ತು. ಬಾಯಿಬಿಟ್ಟರೆ ಹಾಳೆ ಉಳಿಯುತ್ತದೆ, ಆದರೆ ಅಕ್ಕ ಎರಡಡಿ ದೂರದಲ್ಲಿ ಊಟದ ಡಬ್ಬಿ ಹಿಡಿದು ಕೂತಿದ್ದಾಳೆ.

ಭಾವ ದಬ್ಬಣ ಕೆಳಗಿಟ್ಟರು.

‘ಹಾಳೆ ಸುಳ್ಳು ಹೇಳಿಲ್ಲ ಟೀಚರಮ್ಮ. ಬೆರಳು ಹೇಳಿದ್ದು’ ಎಂದರು. ಆಮೇಲೆ ಯಾರ ಮುಖವನ್ನೂ ನೋಡದೆ, ಈ ಬೆರಳಿನಲ್ಲಿ ಸ್ಪರ್ಶ ಹೋಗುತ್ತಿದೆ, ಸಣ್ಣವೆಲ್ಲ ತಪ್ಪಿಹೋಗುತ್ತಿವೆ, ಆ ಮೂರೂ ಅಂಥವೇ ಇರಬೇಕು ಎಂದರು.

ಕಪಾಟಿನಲ್ಲಿ ಆ ಮೂರು ಜನರ ಹಳೆಯ ಬೂಟುಗಳು ಇನ್ನೂ ಇದ್ದವು. ಒಂದನ್ನು ತೆಗೆದು ಟೀಚರಮ್ಮನ ಮುಂದಿಟ್ಟು, ಹಾಳೆ ಎಲ್ಲಿ ಕೆಂಪು ತೋರಿಸಿತ್ತೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಮಾಡಿ ಎಂದರು. ಆಕೆ ಕಂಪ್ಯೂಟರು ನೋಡಿ ಒಂದು ಸಣ್ಣ ಸುತ್ತು ಹಾಕಿದರು. ಭಾವ ರಂಪಿಗೆ ತೆಗೆದುಕೊಂಡು ಮೇಲಿನ ಚರ್ಮ ಬಿಡಿಸಿದರು. ಕೆಳಗಿನ ಬೆಂಡಿನ ಪದರ ಬೇರೆ ಕಡೆಯೆಲ್ಲ ಉಬ್ಬಿಕೊಂಡಿತ್ತು. ಸುತ್ತಿನೊಳಗೆ ಮಾತ್ರ ಕುಸಿದು ಪುಡಿಯಾಗಿತ್ತು. ಎರಡನೆಯ ಬೂಟಿನಲ್ಲೂ ಹಾಗೇ. ಮೂರನೆಯದನ್ನು ಬಿಡಿಸುವಾಗ ಭಾವನ ಕೈ ನಿಂತಿತು. ಅಕ್ಕ ಎದ್ದು ಬಂದು ಪಕ್ಕದಲ್ಲಿ ನಿಂತಿದ್ದಳು.

ಭಾವ ತಲೆಯೆತ್ತಲಿಲ್ಲ. ‘ನಿನಗೆ ಹೇಳಬೇಕಿತ್ತು’ ಎಂದರು.

‘ರೀ, ಆರು ತಿಂಗಳಿಂದ ಭಾನುವಾರ ಎಡಗೈ ಹಾಕಿ ನೋಡ್ತಿದೀರಿ’ ಎಂದಳು ಅಕ್ಕ. ‘ನನಗೆ ಕಾಲಲ್ಲಿ ಗೊತ್ತಾಗಲ್ಲ. ಕಣ್ಣಲ್ಲಿ ಗೊತ್ತಾಗುತ್ತೆ.’

‘ಮತ್ತೆ ಹೇಳಲಿಲ್ಲ ನೀನು.’

‘ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ. ದಿನಾ ಮಲಗೋಕೆ ಮುಂಚೆ ಕನ್ನಡಿ ಹಿಡಿದು ಪಾದ ನಾನೇ ನೋಡ್ಕೋತಿದ್ದೆ. ನಿಮಗೆ ಗೊತ್ತಾದ್ರೆ ಬೇಜಾರಾಗುತ್ತೆ ಅಂತ ಬಚ್ಚಲಲ್ಲಿ ನೋಡ್ಕೋತಿದ್ದೆ.’

ಅಂದರೆ ಅರ್ಧ ವರ್ಷ ಒಬ್ಬರಿಗೆ ಕಾಣದಂತೆ ಇನ್ನೊಬ್ಬರು ಒಂದೇ ಜೊತೆ ಪಾದವನ್ನು ಕಾಯುತ್ತಿದ್ದರು. ನಡುವೆ ನಾನೊಬ್ಬ ಗುಟ್ಟು ಕಾಪಾಡುತ್ತಿದ್ದೇನೆ ಎಂದು ಎದೆಯುಬ್ಬಿಸಿ ಓಡಾಡಿದ್ದು. ಅಕ್ಕ ಭಾವನ ಬಲಗೈಯನ್ನು ತನ್ನ ಕೈಗೆ ತೆಗೆದುಕೊಂಡು ಆ ಹೆಬ್ಬೆರಳನ್ನು ಮೆಲ್ಲಗೆ ಒತ್ತಿದಳು. ಇದು ಗೊತ್ತಾಗುತ್ತಾ ಎಂದು ಕೇಳಿದಳು. ಸ್ವಲ್ಪ ಎಂದರು ಭಾವ. ಟೀಚರಮ್ಮ ಕಿಟಕಿಯಲ್ಲಿ ಹೋಗಿಬರುವ ಕಾಲುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ನಾನೂ ನೋಡಿದೆ. ಯಾರನ್ನೂ ಗುರುತು ಹಿಡಿಯಲಾಗಲಿಲ್ಲ.

ವರದಿ ಬರೆಯುವಾಗ ಅಂಗಡಿಯ ಪಾಲು ಮತ್ತೆ ನನಗೇ ಬಂತು. ಚರ್ಮಕಾರನ ಕರುಣೆಯಿಂದಾಗಿ ಪ್ರಯೋಗ ಕೆಟ್ಟಿತು ಎಂದು ಬರೆದೆ. ಟೀಚರಮ್ಮ ‘ಕರುಣೆ’ ಹೊಡೆದುಹಾಕಿ ‘ನಿಯಮಪಾಲನೆಯಲ್ಲಿ ಲೋಪ’ ಎಂದು ಹಾಕಿದರು. ಭಾವ ಎರಡನ್ನೂ ಕೇಳಿ, ಟೀಚರಮ್ಮ ಬರೆದದ್ದೇ ಚೆನ್ನಾಗಿದೆ ಎಂದರು. ನಡೆದದ್ದೆಲ್ಲವನ್ನೂ, ಹತ್ತು ಜೊತೆ ಅಟ್ಟೆಯ ಅಡಿಯನ್ನೂ, ಮೂರು ಬೂಟುಗಳ ಬೆಂಡನ್ನೂ, ಬೆರಳಿನ ವಿಷಯವನ್ನೂ ಹಾಗೆ ಹಾಗೇ ಬರೆದು ಕಳಿಸಿದೆವು. ಬೈಗುಳ ಬರುತ್ತದೆ ಎಂದು ನಾನು ಮಾನಸಿಕವಾಗಿ ಸಿದ್ಧನಾಗಿದ್ದೆ. ಸಂಪಾದಕರ ಪತ್ರಗಳು ಬಂದು ಬಂದು ನನಗೆ ಅಭ್ಯಾಸ.

ಬಂದ ಉತ್ತರ ಒಂದೇ ಪುಟ. ಮೊದಲ ಪ್ರಯೋಗವನ್ನು ಪರಿಗಣಿಸಲು ಆಗುವುದಿಲ್ಲ. ಆದರೆ ಹಾಳೆಯು ಬೆರಳಿಗೆ ಸಿಕ್ಕದ್ದನ್ನೂ ಕಂಡಿರುವಂತೆ ತೋರುವುದರಿಂದ ಇನ್ನೂ ಮೂರು ತಿಂಗಳು ಕೊಡಲಾಗಿದೆ, ಹೊಸ ಇಪ್ಪತ್ತು ಜನರೊಂದಿಗೆ ಮತ್ತೆ ಮಾಡಿ. ಒಂದು ಷರತ್ತು. ಸಪಾಟು ಅಟ್ಟೆಗಳಾಗಲಿ, ಅವನ್ನು ಹಾಕಿಕೊಳ್ಳುವವರ ಹಳೆಯ ಬೂಟುಗಳಾಗಲಿ ತಯಾರಕರ ಕೈಗೆ ಸಿಗಬಾರದು. ಅವುಗಳ ಜವಾಬ್ದಾರಿ ಬೇರೆಯವರದಾಗಿರಬೇಕು.

ಬೇರೆಯವರು ಯಾರು ಎಂದು ಯೋಚಿಸುವ ಅಗತ್ಯ ಬೀಳಲಿಲ್ಲ. ಅರ್ಜಿಯಲ್ಲಿ ಮೊದಲೇ ಬರೆದಿತ್ತಲ್ಲ, ಸಂಶೋಧನಾ ವಿಭಾಗದ ಮುಖ್ಯಸ್ಥೆ. ಅಕ್ಕ ಸಪಾಟಿನ ಹತ್ತು ಜನರ ಹಳೆಯ ಬೂಟುಗಳನ್ನು ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿದಳು. ಸಪಾಟು ಅಟ್ಟೆಗಳನ್ನು ತಾನೇ ಕತ್ತರಿಸಿದಳು, ಅಂಚು ಸ್ವಲ್ಪ ಸೊಟ್ಟಗಿದ್ದರೂ ಸಪಾಟೇ ತಾನೆ. ಆ ಮೂರು ವಾರ ಭಾವ ಚಡಪಡಿಸಿದ್ದನ್ನು ನೋಡಬೇಕಿತ್ತು. ಕಿಟಕಿಯಲ್ಲಿ ಯಾರಾದರೂ ಸಪಾಟಿನವರು ಕಾಲೆಳೆಯುತ್ತ ಹೋದರೆ ಸುತ್ತಿಗೆ ಕೆಳಗಿಟ್ಟು ಮುಖ ಆ ಕಡೆ ತಿರುಗಿಸಿಬಿಡುತ್ತಿದ್ದರು. ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, ಪೆಟ್ಟಿಗೆಯ ಬೀಗದ ಕೈ ನಿಮ್ಮಕ್ಕ ಎಲ್ಲಿಡುತ್ತಾಳೆ ಎಂದು ಕೇಳಿದರು. ಈ ಸಲ ನಾನು ಗುಟ್ಟನ್ನು ಅರ್ಧ ಗಂಟೆ ಕೂಡ ಇಟ್ಟುಕೊಳ್ಳಲಿಲ್ಲ, ನೇರ ಹೋಗಿ ಅಕ್ಕನಿಗೆ ಹೇಳಿದೆ. ಬೀಗದ ಕೈ ಜಾಗ ಬದಲಾಯಿಸಿತು.

ಫಲಿತಾಂಶ ಬಂದ ದಿನ ಟೀಚರಮ್ಮ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದರು. ಕೆರೆದ ಕಡೆ ಕೆಂಪು ಇಳಿದಿತ್ತು, ಸಪಾಟಿನಲ್ಲಿ ಹಾಗೇ ಇತ್ತು. ಆಗುವಂಥದ್ದು ಎಂದು ವರದಿ ಹೋಯಿತು. ಮುಂದೆ ದೊಡ್ಡ ಮಟ್ಟದಲ್ಲಿ ಮಾಡುವ ಮಾತುಕತೆ ನಡೆದಿದೆ, ಅದು ಏನಾಗುತ್ತದೋ ನನಗೆ ಗೊತ್ತಿಲ್ಲ. ಭಾವ ಆ ಸಂಜೆ ಮಾಡಿದ ಮೊದಲ ಕೆಲಸ, ಹತ್ತು ಜನ ಸಪಾಟಿನವರಿಗೂ ಅಟ್ಟೆ ಕೆರೆದು ಕೊಟ್ಟದ್ದು. ಮುಗಿಸುವಷ್ಟರಲ್ಲಿ ಬೀದಿದೀಪ ಹತ್ತಿತ್ತು.

ಒಂದು ಹಾಳೆ, ಒಂದು ಹಳೆಯ ಲ್ಯಾಪ್‌ಟಾಪು ಟೀಚರಮ್ಮ ಭಾವನ ಬಳಿಯೇ ಬಿಟ್ಟಿದ್ದಾರೆ. ಹೋದ ಭಾನುವಾರ ನಾನು ಅವರ ಮನೆಗೆ ಹೋದಾಗ ಅಕ್ಕ ಬೂಟಿನೊಳಗೆ ಹಾಳೆ ಇಟ್ಟುಕೊಂಡು ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಳು. ಭಾವ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ತೆರೆಯ ಮೇಲಿನ ಬಣ್ಣದ ಪಾದವನ್ನು ನೋಡುತ್ತಿದ್ದರು. ಬಲ ಹಿಮ್ಮಡಿಯ ಹೊರ ಅಂಚಿನಲ್ಲಿ ಒಂದು ಕಡೆ ಕೆಂಪು. ಸೀಮೆಸುಣ್ಣದಿಂದ ಗುರುತು ಮಾಡಿಕೊಂಡು, ಅಟ್ಟೆ ತೆಗೆದು, ತಿರುಗಿಸಿ, ಕೆರೆದರು. ಮತ್ತೆ ಅಕ್ಕ ನಡೆದಳು. ಕೆಂಪು ಹೋಗಿತ್ತು.

ಬೂಟನ್ನು ಅಕ್ಕನ ಕಾಲಿಗೆ ಹಾಕುವ ಮುಂಚೆ ಭಾವ ಅದನ್ನು ಬೋರಲು ಮಾಡಿ ಮೂರು ಸಲ ತಟ್ಟಿದರು. ಆಮೇಲೆ, ಹನ್ನೆರಡು ವರ್ಷದ ಚಾಳಿ, ಬಲಗೈ ಹೆಬ್ಬೆರಳನ್ನು ಒಳಗೆ ಬಿಟ್ಟು ಕಣ್ಣು ಮುಚ್ಚಿದರು.

‘ಏನನ್ನುತ್ತೆ’ ಎಂದಳು ಅಕ್ಕ.

‘ಏನೂ ಅನ್ನಲ್ಲ. ಸುಮ್ನೆ ಹಾಕಿದೆ.’

‘ಹಾಕಿ’ ಎಂದು ಅಕ್ಕ ಕುರ್ಚಿಯ ಮೇಲೆ ಕೂತು, ಅವಸರವಿಲ್ಲದೆ, ಕಾಲು ಮುಂದೆ ಚಾಚಿಕೊಂಡು ಕಾದಳು.